ಆಕಾಶ ಬಿಟ್ಟು ಗುಡ್ಡ ನೋಡಲು ಕಲಿತದ್ದು

ಹದಿನಾರು ವರ್ಷ ನಾನು ಮೇಲೆ ನೋಡಿ ದುಡಿದವನು. ಕುಮಟಾ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. 2008ರಲ್ಲಿ ಡಿಟಿಎಚ್ ಛತ್ರಿ ಕೂರಿಸುವ ಕೆಲಸ ಹಿಡಿದೆ. ಬಾಡ, ಕಾಗಾಲ, ಹೊಲನಗದ್ದೆ, ಧಾರೇಶ್ವರ, ಮಿರ್ಜಾನ, ಘಟ್ಟದ ಬುಡದ ಕತಗಾಲ. ಈ ಊರುಗಳಲ್ಲಿ ಎಷ್ಟು ಹಂಚಿನ ಮಾಡು ಹತ್ತಿದ್ದೇನೆ, ಎಷ್ಟು ತಾರಸಿ ಹತ್ತಿದ್ದೇನೆ, ಲೆಕ್ಕ ಇಟ್ಟಿಲ್ಲ. ಕಳೆದ ಒಂದು ವರ್ಷದಿಂದ ಅದೇ ಮನೆಗಳಿಗೆ ಇಂಟರ್ನೆಟ್ ಡಬ್ಬಿ ಹಾಕಲು ಹೋಗುತ್ತಿದ್ದೇನೆ. ಛತ್ರಿ ಹಾಕಿಸಿದ ಕಂಪನಿಯೇ ಈಗ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಕೊಡಲು ಇಳಿದಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಕೆಲಸ ಅನ್ನಿಸುತ್ತದೆ. ಒಂದು ಕಂಬ, ಒಂದು ಕ್ಲಾಂಪ್, ಒಂದು ಕೇಬಲ್. ನನಗೂ ಹಾಗೇ ಅನ್ನಿಸಿತ್ತು.

ಮೊದಲು ಛತ್ರಿಯ ವಿಷಯ ಹೇಳುತ್ತೇನೆ. ಟಿವಿ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಭೂಮಿ ತಿರುಗುವ ಲೆಕ್ಕಕ್ಕೆ ಸರಿಯಾಗಿ ಅದೂ ತಿರುಗುತ್ತದೆ. ಹಾಗಾಗಿ ನಮ್ಮ ಪಾಲಿಗೆ ಅದು ಒಂದೇ ಕಡೆ ನಿಂತ ಹಾಗೆ. ನಾನು ಹುಡುಕುತ್ತಿದ್ದ ಉಪಗ್ರಹ ನಮ್ಮ ಕರಾವಳಿಯಿಂದ ಆಗ್ನೇಯದ ಕಡೆ ಸಿಗುತ್ತದೆ, ಅದೂ ಸಾಕಷ್ಟು ಎತ್ತರದಲ್ಲಿ. ಅದೇ ನಮ್ಮ ಪುಣ್ಯ. ಎಂಥ ಕಣಿವೆಯ ಮನೆಯಾದರೂ ತಲೆಯ ಮೇಲೆ ಒಂದು ತುಂಡು ಆಕಾಶ ಇದ್ದೇ ಇರುತ್ತದೆ ಅಲ್ವಾ? ತೆಂಗಿನ ಗರಿ ಅಡ್ಡ ಬಂದರೆ ನಾಲ್ಕು ಮಾರು ಆಚೆ ಕಂಬ ನೆಟ್ಟರಾಯಿತು. ಸಿಗ್ನಲ್ ಬರುವುದಿಲ್ಲ ಎಂದು ಹೇಳಿ ನಾನು ವಾಪಸ್ ಬಂದ ಮನೆಗಳು ಬೆರಳೆಣಿಕೆಯಷ್ಟು.

ತೊಂದರೆ ಇದ್ದದ್ದು ಮಳೆಯದ್ದು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರಲ್ಲೂ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಎರಡಡಿ ಛತ್ರಿಗೆ ಬರುವ ತರಂಗ ಬಹಳ ಸಣ್ಣದು, ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಆಷಾಢದಲ್ಲಿ ಅಂಗಡಿಯ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. 'ಟಿವಿ ಹೋಯ್ತು.' ನನ್ನ ಉತ್ತರ ಒಂದೇ. 'ಮಳೆ ನಿಂತ ಮೇಲೆ ಬರ್ತದೆ.' ಬರುತ್ತಲೂ ಇತ್ತು. ಈ ಮಾತನ್ನು ನೆನಪಿಡಿ, ಮುಂದೆ ಇದೇ ನನ್ನನ್ನು ದಾರಿ ತಪ್ಪಿಸಿತು.

2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ನೂರು ಚಾನೆಲ್‌ಗೆ ತೆರಿಗೆ ಸೇರಿ 153 ರೂಪಾಯಿ, ಅದರ ಮೇಲೆ ಬೇಕಾದ ಚಾನೆಲ್‌ಗೆ ಬೇರೆ ದುಡ್ಡು. ಎರಡು ತಿಂಗಳು ನಾನು ಮನೆ ಮನೆಗೆ ಹೋಗಿ ಚಾನೆಲ್ ಆರಿಸಿ ಕೊಟ್ಟೆ. ಮರು ವರ್ಷ ಕೊರೊನಾ. ಶಾಲೆಯ ಮಕ್ಕಳು ಪಾಠ ಕೇಳಲು ಕೊಡೆ ಹಿಡಿದು ಗುಡ್ಡದ ತುದಿಗೆ ಹೋಗಿ ಕೂತದ್ದು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯುವ ಹಾಗಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಗೆ ಛತ್ರಿ ಹಾಕಿದವನು ನಾನೇ. ಮನೆಯಲ್ಲಿ ನೂರಾರು ಚಾನೆಲ್ ಬರುತ್ತಿತ್ತು. ಒಂದು ಪಾಠ ಬರುತ್ತಿರಲಿಲ್ಲ. ಛತ್ರಿ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಛತ್ರಿಯ ಮುಂದೆ ನಾವು ಕೂರಿಸುವ ಎಲ್‌ಎನ್‌ಬಿ ಎಂಬ ಸಣ್ಣ ಉಪಕರಣ ಮೇಲಿಂದ ಬಂದದ್ದನ್ನು ಹಿಡಿಯುತ್ತದೆ ಅಷ್ಟೆ, ವಾಪಸ್ ಏನನ್ನೂ ಕಳಿಸಲಾರದು. ಆಗ ನನಗೆ ನನ್ನ ಕೆಲಸದ ಬಗ್ಗೆ ಮೊದಲ ಸಲ ಬೇಸರವಾಯಿತು.

ಆಮೇಲೆ ರೀಚಾರ್ಜ್ ಇಳಿಯುತ್ತಾ ಹೋಯಿತು. ನನ್ನ ಅಂಗಡಿಯಲ್ಲಿ ಮಾತ್ರ ಅಲ್ಲ. ಟ್ರಾಯ್ ಲೆಕ್ಕದಲ್ಲಿ 2020ರ ಕೊನೆಗೆ ದೇಶದಲ್ಲಿ ಸುಮಾರು 7 ಕೋಟಿ ಇದ್ದ ಡಿಟಿಎಚ್ ಗ್ರಾಹಕರು 2024ರ ಮಾರ್ಚ್ ಹೊತ್ತಿಗೆ 6.2 ಕೋಟಿಗೆ ಬಂದಿದ್ದರು. ಫೋನಿನಲ್ಲೇ ಎಲ್ಲ ನೋಡುವವರು ಒಂದು ಕಡೆ, ದುಡ್ಡು ಕೊಡದೆ ಸಿಗುವ ಡಿಡಿ ಫ್ರೀ ಡಿಶ್‌ಗೆ ಹೋದವರು ಇನ್ನೊಂದು ಕಡೆ. ತಿಂಗಳಿಗೆ ಎಂಟು ಹೊಸ ಛತ್ರಿ ಹಾಕುತ್ತಿದ್ದವನು ಎರಡಕ್ಕೆ ಬಂದೆ.

2024ರ ಡಿಸೆಂಬರ್‌ನಲ್ಲಿ ಕಂಪನಿಯಿಂದ ಸಂದೇಶ ಬಂತು. ಹಳೆಯ ಡೀಲರ್‌ಗಳಿಗೆ ಹುಬ್ಬಳ್ಳಿಯಲ್ಲಿ ಎರಡು ದಿನ ತರಬೇತಿ, ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಹಾಕುವುದು ಹೇಗೆ ಅಂತ. 2023ರಲ್ಲಿ ದೆಹಲಿ, ಮುಂಬೈಯಂಥ ದೊಡ್ಡ ಊರುಗಳಲ್ಲಿ ಶುರುವಾದ ಸೇವೆ ಅದು, ಈಗ ತಾಲೂಕು ಪೇಟೆಗಳಿಗೂ ಬರುತ್ತಿದೆ ಅಂದರು. ಬೆಳಗಿನ ಬಸ್ಸಿಗೆ ಹೊರಟೆ. ಅರಬೈಲು ಘಟ್ಟ ಹತ್ತುವಾಗ ಒಂದೇ ಯೋಚನೆ. ನಲವತ್ತೈದು ವರ್ಷಕ್ಕೆ ಹೊಸದು ಕಲಿಯಲು ಆಗುತ್ತದಾ?

ಅಲ್ಲಿ ಪಾಠ ಮಾಡಿದ ಹುಡುಗ ನನ್ನ ತಮ್ಮನ ವಯಸ್ಸಿನವನು. ಚೆನ್ನಾಗಿ ಹೇಳಿಕೊಟ್ಟ. ಅವನು ಹೇಳಿದ ಒಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. ಅಮೆರಿಕದಲ್ಲಿ ಚಾರ್ಲಿ ಎರ್ಗನ್ ಎಂಬುವರು 1980ರಲ್ಲಿ ದೊಡ್ಡ ಛತ್ರಿಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ಮಾರುತ್ತಿದ್ದರಂತೆ. ಅದೇ ವ್ಯಾಪಾರ ಬೆಳೆದು ಡಿಶ್ ನೆಟ್‌ವರ್ಕ್ ಆಯಿತು. ಆ ಕಂಪನಿ 2020ರಲ್ಲಿ ಬೂಸ್ಟ್ ಮೊಬೈಲ್ ಕೊಂಡು, 2022ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ ತನ್ನದೇ 5ಜಿ ಶುರು ಮಾಡಿತು. ಛತ್ರಿಯವರು ಟವರ್ ಕಡೆಗೆ ಬಂದದ್ದು ನಮ್ಮಲ್ಲಿ ಮಾತ್ರ ಅಲ್ಲ ಅಂತ ಗೊತ್ತಾಯಿತು. ಅವರಿಗೂ ಅದು ಸುಲಭವಾಗಿ ಕೈಗೆ ಹತ್ತಲಿಲ್ಲ. 2025ರ ಆಗಸ್ಟ್‌ನಲ್ಲಿ ಆ ಗುಂಪು ತನ್ನ ತರಂಗಾಂತರದ ದೊಡ್ಡ ಪಾಲನ್ನು ಎಟಿ ಅಂಡ್ ಟಿ ಕಂಪನಿಗೆ ಮಾರಲು ಒಪ್ಪಿಕೊಂಡಿತು. ಅದನ್ನು ಓದುವ ಹೊತ್ತಿಗೆ ಅದು ಯಾಕೆ ಕಷ್ಟ ಅಂತ ನನಗೂ ಅರ್ಥವಾಗಿತ್ತು.

ಹೊಸ ಡಬ್ಬಿ ನೋಡಲು ಸರಳ. ಒಂದು ಟಿಫಿನ್ ಡಬ್ಬಿಯಷ್ಟು ದೊಡ್ಡದು, ಬಿಳಿ ಬಣ್ಣ. ಒಳಗೆ ಸಿಮ್ ಇದೆ, ಆಂಟೆನಾ ಇದೆ. ಅದನ್ನು ಮನೆಯ ಹೊರಗೆ ಎತ್ತರದಲ್ಲಿ, ಮೊಬೈಲ್‌ನ 5ಜಿ ಟವರ್ ಕಡೆ ಮುಖ ಮಾಡಿ ಕಟ್ಟಬೇಕು. ಅಲ್ಲಿಂದ ಒಂದು ಲ್ಯಾನ್ ಕೇಬಲ್ ಒಳಗಿನ ರೌಟರ್‌ಗೆ. ಡಬ್ಬಿಗೆ ಕರೆಂಟ್ ಹೋಗುವುದೂ ಅದೇ ಕೇಬಲ್ ಮೇಲೆ. ಹೊರಗೇ ಯಾಕೆ ಅಂದರೆ ನಮ್ಮ ಚಿರೆಕಲ್ಲಿನ ಗೋಡೆ. ಒಂದಡಿ ದಪ್ಪದ ಕಲ್ಲು ಸಿಗ್ನಲ್ ಅನ್ನು ಒಳಗೆ ಬಿಡುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಅಂಗಳದಲ್ಲಿ ಬರುವ ಫೋನು ಒಳಮನೆಯಲ್ಲಿ ಸಾಯುವುದು ಇದೇ ಕಾರಣಕ್ಕೆ.

ನನಗೆ ಕಷ್ಟವಾದದ್ದು ಲ್ಯಾನ್ ಕೇಬಲ್. ಛತ್ರಿಯ ಕೇಬಲ್‌ನಲ್ಲಿ ನಡುವೆ ಒಂದೇ ತಂತಿ, ಕಣ್ಣು ಮುಚ್ಚಿ ತುದಿ ಹಾಕುತ್ತಿದ್ದೆ. ಇದರಲ್ಲಿ ಎಂಟು ಎಳೆ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆ. ಮಗಳು ಬಣ್ಣ ಹೇಳುತ್ತಾ ಹೋಗುತ್ತಿದ್ದಳು, ನಾನು ಎಳೆ ಜೋಡಿಸುತ್ತಿದ್ದೆ. ಒಂದು ವಾರಕ್ಕೆ ಕೈ ಕೂತಿತು.

ಇನ್ನೊಂದು ಕಲಿಯಬೇಕಾದ್ದು ಸಿಗ್ನಲ್‌ನ ಅಳತೆ. ಛತ್ರಿಯ ಮೀಟರ್ ನೂರಕ್ಕೆ ಇಷ್ಟು ಅಂತ ತೋರಿಸುತ್ತದೆ, ಜಾಸ್ತಿ ಬಂದರೆ ಒಳ್ಳೆಯದು. ಇಲ್ಲಿ ಎಲ್ಲ ಮೈನಸ್. ಮೈನಸ್ 80 ಅಂದರೆ ಚೆನ್ನಾಗಿದೆ, ಮೈನಸ್ 110 ಅಂದರೆ ಸೋತ ಹಾಗೆ. ಹತ್ತು ಅಂಕಿ ಕೆಳಗಿಳಿದರೆ ಸಿಗ್ನಲ್‌ನ ಬಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೈನಸ್ 98 ಮತ್ತು ಮೈನಸ್ 108 ಕೇಳಲು ಹತ್ತಿರ ಹತ್ತಿರ ಅನ್ನಿಸುತ್ತದೆ, ನಿಜದಲ್ಲಿ ಹತ್ತು ಪಟ್ಟು ವ್ಯತ್ಯಾಸ. ಇದು ತಲೆಗೆ ಹತ್ತಲು ನನಗೆ ಬಹಳ ದಿನ ಬೇಕಾಯಿತು.

ಜನವರಿಯಲ್ಲಿ ಪೇಟೆಯ ಮನೆಗಳಿಂದ ಶುರು ಮಾಡಿದೆ. ಪೇಟೆಯಲ್ಲಿ ಏನೂ ಕಷ್ಟ ಇರಲಿಲ್ಲ, ಟವರ್ ಕಣ್ಣಿಗೇ ಕಾಣುತ್ತದೆ. ಅಘನಾಶಿನಿ ಹೊಳೆಯ ಗಜನಿ ಬಯಲಿನ ಅಂಚಿನಲ್ಲಿರುವ ಮನೆಗಳು ಅದಕ್ಕಿಂತಲೂ ಸುಲಭ. ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಬಯಲು ಅದು. ನಡುವೆ ಮರ ಇಲ್ಲ, ಗುಡ್ಡ ಇಲ್ಲ. ಎರಡು ಕಿಲೋಮೀಟರ್ ಆಚೆಯ ಟವರ್‌ನಿಂದಲೂ ಮೈನಸ್ 84 ಬಂತು. ಆ ಮನೆಯ ಹೆಂಗಸರು ದುಬೈಯಲ್ಲಿರುವ ಮಗನಿಗೆ ವಿಡಿಯೋ ಕಾಲ್ ಮಾಡಿ, ಫೋನ್ ಹಿಡಿದುಕೊಂಡೇ ಮನೆಯಿಡೀ ತಿರುಗಿದರು. ಅಡುಗೆಮನೆ ತೋರಿಸಿದರು, ಕೊಟ್ಟಿಗೆ ತೋರಿಸಿದರು. ಕಾಲ್ ಒಮ್ಮೆಯೂ ಕಡಿಯಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಉಪಕರಣ ಚೀಲಕ್ಕೆ ತುಂಬುತ್ತಿದ್ದೆ. ಕಣ್ಣು ತುಂಬಿ ಬಂತು.

ಮಾರ್ಚ್ ಹೊತ್ತಿಗೆ ಪೇಟೆಯಿಂದಲೇ ಒಂದು ದೂರು ಬಂತು. ಹಗಲು ಓಡುತ್ತದೆ, ರಾತ್ರಿ ಎಂಟಕ್ಕೆ ತೆವಳುತ್ತದೆ. ನಾನು ಡಬ್ಬಿ ತಿರುಗಿಸಿ ನೋಡಿದೆ, ಕೇಬಲ್ ಬದಲಿಸಿದೆ, ಸಿಗ್ನಲ್ ನೋಡಿದರೆ ಮೈನಸ್ 82. ಎಲ್ಲ ಸರಿ ಇದೆ. ಮತ್ತೇನು? ಹುಬ್ಬಳ್ಳಿಯ ಹುಡುಗನಿಗೆ ಫೋನ್ ಮಾಡಿದೆ. ಅವನು ಕೇಳಿದ, 'ಅಣ್ಣಾ, ಆ ಬೀದಿಯಲ್ಲಿ ಎಷ್ಟು ಹಾಕಿದ್ದೀರಿ?' ಹದಿನಾಲ್ಕು. ಅವುಗಳ ಜೊತೆಗೆ ಊರಿನವರ ಫೋನುಗಳು.

ಆವತ್ತು ನನಗೆ ಈ ಎರಡು ಕೆಲಸಗಳ ನಡುವಿನ ದೊಡ್ಡ ವ್ಯತ್ಯಾಸ ತಿಳಿಯಿತು. ಉಪಗ್ರಹದಿಂದ ಬರುವುದು ಮಳೆ ಬಿದ್ದ ಹಾಗೆ. ನಮ್ಮ ಅಂಗಳಕ್ಕೆ ಬಿತ್ತು ಅಂತ ಪಕ್ಕದ ಮನೆಗೆ ಕಡಿಮೆಯಾಗುವುದಿಲ್ಲ. ಒಂದು ಛತ್ರಿ ಇರಲಿ, ಕೋಟಿ ಛತ್ರಿ ಇರಲಿ, ಎಲ್ಲರಿಗೂ ಅದೇ ಚಿತ್ರ. ಟವರ್ ಹಾಗಲ್ಲ, ಅದು ಬಾವಿ. ಪ್ರತಿ ಮನೆಯೂ ತನಗೆ ಬೇಕಾದದ್ದನ್ನೇ ಸೇದಿಕೊಳ್ಳುತ್ತದೆ. ಒಬ್ಬರು ಕ್ರಿಕೆಟ್ ನೋಡುತ್ತಾರೆ, ಒಬ್ಬರು ಧಾರಾವಾಹಿ, ಒಬ್ಬರು ಆಟ ಆಡುತ್ತಾರೆ. ಸಂಜೆ ಎಲ್ಲರೂ ಒಟ್ಟಿಗೆ ಕೊಡ ಇಳಿಸಿದರೆ ನೀರು ಕೆಳಗೆ ಹೋಗುತ್ತದೆ. ಛತ್ರಿ ಮಾರುವಾಗ ಜಾಸ್ತಿ ಮಾರಿದಷ್ಟೂ ಒಳ್ಳೆಯದು, ಅದರಿಂದ ಹಳೆಯ ಗ್ರಾಹಕನಿಗೆ ಏನೂ ನಷ್ಟ ಇಲ್ಲ. ಇಲ್ಲಿ ಹದಿನೈದನೆಯ ಡಬ್ಬಿ ಹಾಕುವ ಮೊದಲು ಉಳಿದ ಹದಿನಾಲ್ಕರ ಬಗ್ಗೆ ಯೋಚಿಸಬೇಕು. ಕಂಪನಿಯಿಂದ ತಿಂಗಳಿಗೆ ಇಷ್ಟು ಅಂತ ಗುರಿ ಬರುತ್ತಿತ್ತು. ನಾನು ಆ ಬೀದಿಯಲ್ಲಿ ಹೊಸದು ಹಾಕುವುದನ್ನು ನಿಲ್ಲಿಸಿದೆ. ಗುರಿ ತಪ್ಪಿ ಆ ತಿಂಗಳ ಪ್ರೋತ್ಸಾಹಧನ ಹೋಯಿತು. ಅದರ ಬಗ್ಗೆ ನನಗೆ ಬೇಸರ ಇಲ್ಲ.

ಈಗ ನನ್ನ ತಪ್ಪಿನ ಕಥೆ. ಫೆಬ್ರವರಿಯಲ್ಲಿ ಕಾಗಾಲ ಕಡೆಯ ಒಂದು ಮನೆಗೆ ಡಬ್ಬಿ ಹಾಕಿದ್ದೆ. ಮನೆಯ ಯಜಮಾನರು ಮೀನಿನ ವ್ಯಾಪಾರದವರು, ಮಗಳು ನರ್ಸಿಂಗ್ ಓದುತ್ತಿದ್ದಳು. ಟವರ್ ಕಡೆಗೆ ಒಂದು ಮಾವಿನ ಮರ, ಅದರ ಆಚೆ ಗಾಳಿಮರದ ಸಾಲು. ಮೈನಸ್ 99 ಬಂತು. ಹೆಚ್ಚಿಲ್ಲ, ಆದರೂ ವೇಗ ಸಾಕಷ್ಟಿತ್ತು. 'ನಡೀತದೆ' ಅಂದೆ. ಮೂರೂವರೆ ತಿಂಗಳು ಚೆನ್ನಾಗಿಯೇ ನಡೆಯಿತು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಅವರ ಫೋನ್. 'ನೆಟ್ ಹೋಯ್ತು ಮಾರಾಯ್ರೆ.' ನನ್ನ ಬಾಯಿಗೆ ಬಂದದ್ದು ಹಳೆಯ ಮಾತೇ. 'ಮಳೆ ನಿಂತ ಮೇಲೆ ಬರ್ತದೆ.' ಮಾರನೇ ದಿನ ಮತ್ತೆ ಫೋನ್. ಮಳೆ ನಿಂತು ಎರಡು ಗಂಟೆಯಾಗಿದೆ, ಇನ್ನೂ ಬಂದಿಲ್ಲ. ನಾನು ನಂಬಲಿಲ್ಲ. ಮೂರನೇ ದಿನ ಹೋಗಿ ನೋಡಿದೆ. ಆಕಾಶ ಬಿಳುಪಾಗಿತ್ತು, ಒಂದು ಹನಿ ಇಲ್ಲ. ಅಳತೆ ಮೈನಸ್ 112.

ತುಂಬ ಹೊತ್ತು ಅಂಗಳದಲ್ಲಿ ನಿಂತೆ. ಗಾಳಿ ಬೀಸಿದಾಗ ಮಾವಿನ ಮರ ತಟತಟ ಅಂತ ನೀರು ಉದುರಿಸಿತು. ಆಗ ಹೊಳೆಯಿತು. 5ಜಿ ಡಬ್ಬಿಗೆ ಬರುವ ತರಂಗ ಛತ್ರಿಯ ತರಂಗಕ್ಕಿಂತ ಉದ್ದ, ಒಂಬತ್ತು ಸೆಂಟಿಮೀಟರ್ ಹತ್ತಿರ. ಬೀಳುವ ಮಳೆ ಅದನ್ನು ಹೆಚ್ಚೇನೂ ಮಾಡುವುದಿಲ್ಲ. ಅದನ್ನು ತಡೆಯುವುದು ಎಲೆ, ಅದರಲ್ಲೂ ಒದ್ದೆ ಎಲೆ. ಫೆಬ್ರವರಿಯಲ್ಲಿ ಒಣಗಿ ನಿಂತಿದ್ದ ಮರ ಜೂನ್‌ನಲ್ಲಿ ತುಂಬಿ, ನೆನೆದು, ನೀರಿನ ಗೋಡೆಯಾಗಿತ್ತು. ಮಳೆ ನಿಂತರೂ ನಮ್ಮ ಕಡೆ ಮಳೆಗಾಲದಲ್ಲಿ ಎಲೆ ಒಣಗುವುದು ಯಾವಾಗ? ಛತ್ರಿ ಕಲಿಸಿದ ಪಾಠವನ್ನೇ ಹಿಡಿದುಕೊಂಡು ಮೂರು ದಿನ ಅವರಿಗೆ ಸುಮ್ನೆ ಸಮಾಧಾನ ಹೇಳಿದ್ದೆ. ಆ ಹುಡುಗಿ ಅಷ್ಟು ದಿನ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಓದಿದ್ದಳು. ಅದು ನನಗೆ ಚುಚ್ಚಿತು.

ಮರ ಕಡಿಯಿರಿ ಎಂದು ಹೇಳುವವನು ನಾನಲ್ಲ. ಕಾಯಿ ಬಿಡುವ ಮಾವು ಅದು, ಉಪ್ಪಿನಕಾಯಿಯ ಮಿಡಿ ಕೊಡುವ ಮರ. ಮನೆಯ ಸುತ್ತ ಕೈಯಲ್ಲಿ ಡಬ್ಬಿ ಹಿಡಿದು ನಡೆದೆ. ಹಿತ್ತಲಿನ ಬಾವಿಕಟ್ಟೆಯ ಹತ್ತಿರ, ಮರಕ್ಕೂ ಗಾಳಿಮರದ ಸಾಲಿಗೂ ನಡುವೆ ಒಂದು ಕಿಂಡಿ ಸಿಕ್ಕಿತು. ಅಲ್ಲಿ ಮೈನಸ್ 93. ಹದಿನೈದು ಅಡಿಯ ಜಿಐ ಪೈಪ್ ನೆಟ್ಟು, ಬುಡಕ್ಕೆ ಕಾಂಕ್ರೀಟ್ ಹಾಕಿ, ಅರ್ಥಿಂಗ್ ಕೊಟ್ಟು ಮೇಲೆ ಕಟ್ಟಿದೆ. ಪೈಪಿನ ದುಡ್ಡು ನಾನೇ ಹಾಕಿದೆ, ತಪ್ಪು ನನ್ನದಲ್ವಾ. ಸಮುದ್ರದ ಉಪ್ಪುಗಾಳಿಗೆ ಕ್ಲಾಂಪ್ ಎರಡು ವರ್ಷವೂ ಬಾಳುವುದಿಲ್ಲ, ಹಾಗಾಗಿ ಸ್ಟೀಲಿನ ಬೋಲ್ಟ್ ಹಾಕಿ ಗ್ರೀಸ್ ಬಳಿದೆ. ಇವತ್ತಿಗೂ ಅದು ನಡೆಯುತ್ತಿದೆ.

ಅವತ್ತು ರಾತ್ರಿ ಒಂದು ನೋಟುಬುಕ್ ಶುರು ಮಾಡಿದೆ. ಒಂದೊಂದು ಮನೆಗೆ ಒಂದು ಪುಟ. ಟವರ್ ಯಾವ ದಿಕ್ಕು, ನಡುವೆ ಯಾವ ಮರ, ಒಣ ದಿನ ಎಷ್ಟು, ಒದ್ದೆ ದಿನ ಎಷ್ಟು. ಮಳೆಗಾಲ ಇಡೀ ರೇನ್‌ಕೋಟ್ ಹಾಕಿಕೊಂಡು ಹಾಕಿದ ಮನೆಗಳಿಗೆಲ್ಲ ಇನ್ನೊಮ್ಮೆ ಹೋಗಿ ಅಳೆದು ಬಂದೆ. ಒಣ ದಿನ ಮೈನಸ್ 95ಕ್ಕಿಂತ ಮೇಲೆ ಇಲ್ಲದಿದ್ದರೆ, ನಡುವೆ ಮರ ಇದ್ದರೆ, ಹಾಕುವುದಿಲ್ಲ ಅಂತ ನಾನೇ ಒಂದು ಗೆರೆ ಎಳೆದುಕೊಂಡೆ. ಇದು ಕಂಪನಿಯ ನಿಯಮ ಅಲ್ಲ, ನನ್ನ ಊರಿನ ಮರಗಳಿಂದ ಬಂದ ನಿಯಮ.

ಕತಗಾಲದ ಆಚೆ ಒಂದು ಅಡಿಕೆ ತೋಟದ ಮನೆ ಇದೆ. ಅಲ್ಲಿಯ ಅಕ್ಕೋರು ಊರ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. 2009ರಲ್ಲಿ ಅವರ ಮನೆಗೆ ನಾನು ಹಾಕಿದ ಛತ್ರಿ ಇನ್ನೂ ಇದೆ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ತಿಂಗಳಲ್ಲಿ ಹದಿನೈದು ದಿನ ಮನೆಯಿಂದ ಕೆಲಸ ಮಾಡಬಹುದು, ಇಂಟರ್ನೆಟ್ ಇದ್ದರೆ. ಕಂಪನಿಯ ನಕಾಶೆಯಲ್ಲಿ ಅವರ ಊರಿಗೆ 'ಲಭ್ಯ' ಅಂತ ತೋರಿಸಿತ್ತು. ಮಗ ಅಲ್ಲಿಂದಲೇ ಮುಂಗಡ ಕಟ್ಟಿದ್ದ. ಸೆಪ್ಟೆಂಬರ್‌ನಲ್ಲಿ ಹೋದೆ.

'ನೀ ಹಾಕಿದ ಛತ್ರಿಗೆ ಹದಿನಾರು ವರ್ಷ ಆಯ್ತು ತಮ್ಮ. ಇದನ್ನೂ ನೀನೇ ಸರಿಯಾಗಿ ಹಾಕಿ ಕೊಡು' ಅಂದರು.

ಮನೆ ತಗ್ಗಿನಲ್ಲಿದೆ. ಎದುರಿಗೆ ಗುಡ್ಡ, ಹಿಂದೆ ಬೆಟ್ಟ, ಸುತ್ತ ತೋಟ. ಮಾಡಿನ ತುದಿಯಲ್ಲಿ ಮೈನಸ್ 118. ನಕಾಶೆಗೆ ಗುಡ್ಡ ಕಾಣುವುದಿಲ್ಲವೇನೋ, ಟವರ್‌ನಿಂದ ಇಷ್ಟು ದೂರ ಅಂತ ಗೆರೆ ಎಳೆದುಬಿಡುತ್ತದೆ. ಛತ್ರಿಗೆ ಈ ಗುಡ್ಡ ಲೆಕ್ಕಕ್ಕೇ ಇರಲಿಲ್ಲ, ಅದು ಗುಡ್ಡದ ತಲೆಯ ಮೇಲಿಂದ ನೋಡುತ್ತಿತ್ತು. ಡಬ್ಬಿ ಎದುರಿಗೆ ನೋಡಬೇಕು. ಎದುರಿಗೆ ನೋಡಿದರೆ ಕಲ್ಲು, ಮಣ್ಣು, ಕಾಡು.

ಆ ದಿನ ತೋಟಕ್ಕೆ ಕೊನೆಗೌಡ ಬಂದಿದ್ದ. ಔಷಧ ಹೊಡೆಯಲು ಮರ ಹತ್ತುತ್ತಿದ್ದವನು ನನ್ನ ಪಾಡು ನೋಡಿ, 'ನಾನು ಹತ್ತಿ ನೋಡ್ತೆ, ಕೊಡಿ' ಅಂದ. ಅಳೆಯುವ ಫೋನನ್ನು ಸಣ್ಣ ಚೀಲದಲ್ಲಿ ಹಾಕಿ ಕೊಟ್ಟೆ. ತೋಟದ ಎತ್ತರದ ಮರ ಹತ್ತಿದ. ಮೇಲಿಂದ ಒಂದೊಂದೇ ಅಂಕಿ ಕೂಗಿದ. ನೂರಾ ಹನ್ನೆರಡು. ನೂರಾ ಆರು. ಕೊನೆಯ ಹತ್ತಿರ ಹೋದಾಗ ತೊಂಬತ್ತೇಳು. ಅಕ್ಕೋರು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು. 'ಅಲ್ಲೇ ಕಟ್ಟಿಬಿಡು' ಅಂದರು.

ಅಡಿಕೆ ಮರಕ್ಕೆ ಕಟ್ಟಲು ಆಗುವುದಿಲ್ಲ. ಗಾಳಿಗೆ ಅದು ತೂಗುತ್ತದೆ, ಡಬ್ಬಿಯ ಮುಖ ತಪ್ಪುತ್ತದೆ. ನಲವತ್ತಡಿ ಕಂಬ ನೆಡಬಹುದು, ಆದರೆ ಘಟ್ಟದ ಬುಡದಲ್ಲಿ ಮೇ ತಿಂಗಳ ಸಿಡಿಲು ಗೊತ್ತಲ್ಲ, ಅಂಥ ಕಂಬ ಮನೆಗೆ ಸಿಡಿಲನ್ನು ಕರೆದ ಹಾಗೆ. ಅಷ್ಟು ಮಾಡಿದರೂ ಸಿಗುವುದು ಮೈನಸ್ 97. ನನ್ನ ಗೆರೆಯ ಕೆಳಗೆ. ಮುಂದಿನ ಜೂನ್‌ನಲ್ಲಿ ಏನಾಗುತ್ತದೆ ಅಂತ ಈಗ ನನಗೆ ಗೊತ್ತು.

ಜಗಲಿಯಲ್ಲಿ ಕೂತು ಹೇಳಿದೆ. 'ಅಕ್ಕೋರೆ, ಇಲ್ಲಿ ಆಗೂದಿಲ್ಲ. ಹಾಕಿ ಹೋದರೆ ನಾಳೆ ನಡೀಬಹುದು. ಮಳೆಗಾಲದಲ್ಲಿ ಖಂಡಿತ ನಿಲ್ತದೆ. ಮಗ ಅದನ್ನು ನಂಬಿ ಬಂದು ಕೂತರೆ ಅವನ ಕೆಲಸಕ್ಕೆ ತೊಂದರೆ.'

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಹದಿನಾರು ವರ್ಷದಲ್ಲಿ ಹೇಳಿದ ಅತಿ ಕಷ್ಟದ ಮಾತು ಅದು. ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಮುಂಗಡ ವಾಪಸ್ ಕೊಡಿಸಲು ಕಂಪನಿಗೆ ಆರು ಸಲ ಫೋನ್ ಮಾಡಬೇಕಾಯಿತು, ಒಂದೂವರೆ ತಿಂಗಳು ಹಿಡಿಯಿತು. ಮೊದಲು ಬಂದು ನೋಡಿ, ಅಳೆದು, ಆಮೇಲೆ ದುಡ್ಡು ತೆಗೆದುಕೊಳ್ಳಬೇಕು. ಇದನ್ನು ನಾನು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದೇನೆ, ಮುಂದೆಯೂ ಹೇಳುತ್ತೇನೆ. ಬಯಲುಸೀಮೆಗೆ ಸರಿ ಹೋಗುವ ನಕಾಶೆ ನಮ್ಮ ಜಿಲ್ಲೆಗೆ ಸರಿ ಹೋಗುವುದಿಲ್ಲ.

ಫೈಬರ್ ಎಳೆದರೆ ಆಗದೇ ಎಂದು ಕೇಳುತ್ತಾರೆ. ಆಗುತ್ತದೆ, ಅದೇ ಎಲ್ಲಕ್ಕಿಂತ ಒಳ್ಳೆಯದು. 2011ರಲ್ಲೇ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ಈಗ ಅದರ ಹೆಸರು ಭಾರತ್‌ನೆಟ್. ಆದರೆ ಪಂಚಾಯಿತಿ ಕಟ್ಟಡದಿಂದ ಮನೆಗೆ ಯಾರು ಎಳೆಯುತ್ತಾರೆ? ನಮ್ಮ ಘಟ್ಟದ ಬುಡದಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಕಿಲೋಮೀಟರ್. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮರ ಬಿದ್ದು ತಂತಿ ಹರಿಯುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿದು ಜೀವಗಳು ಹೋದವು. ಇಂಥ ನೆಲದಲ್ಲಿ ಒಂದು ಎಳೆ ಗಾಜಿನ ತಂತಿ ಕಾಯುವುದು ಸುಲಭ ಅಲ್ಲ. ಅದಕ್ಕೇ ಗಾಳಿಯಲ್ಲಿ ಬರುವ ಇಂಟರ್ನೆಟ್ ನಮಗೆ ಬೇಕು ಎಂದು ನಾನು ಇನ್ನೂ ನಂಬಿದ್ದೇನೆ.

ಅಕ್ಕೋರ ಮಗ ಫೋನ್ ಮಾಡಿ ಇನ್ನೊಂದು ಕೇಳಿದ. ಛತ್ರಿಯಿಂದಲೇ ಇಂಟರ್ನೆಟ್ ಬರುತ್ತದಂತಲ್ಲ? ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ ಸುದ್ದಿ ಅವನೂ ಓದಿದ್ದ. ನಮ್ಮ ಟಿವಿ ಉಪಗ್ರಹಕ್ಕೆ ಮಾತು ಹೋಗಿ ಉತ್ತರ ವಾಪಸ್ ಬರಲು ಅರ್ಧ ಸೆಕೆಂಡು ಬೇಕು, ಮೀಟಿಂಗಿನಲ್ಲಿ ಮಾತಾಡುವವರಿಗೆ ಅದು ಕಷ್ಟ. ಸ್ಟಾರ್‌ಲಿಂಕ್‌ನ ಉಪಗ್ರಹಗಳು 500 ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲೇ ಹಾರುತ್ತವೆ, ಹಾಗಾಗಿ ಬೇಗ ಬರುತ್ತದೆ. ಆದರೆ ಅವು ನಿಂತಲ್ಲಿ ನಿಲ್ಲುವುದಿಲ್ಲ, ಓಡುತ್ತಿರುತ್ತವೆ. ಅವಕ್ಕೆ ಒಂದು ತುಂಡು ಆಕಾಶ ಸಾಲದು, ಅಗಲವಾದ ಆಕಾಶ ಬೇಕು. ನಿಮ್ಮ ತೋಟದ ನಡುವೆ ಅದನ್ನೂ ಬಂದು ಅಳೆಯಬೇಕು ಅಂದೆ.

ಕಳೆದ ವಾರ ಅಕ್ಕೋರ ಫೋನ್ ಬಂತು. ಅವರ ಮನೆಯ ಎಡಕ್ಕಿರುವ ದಿಬ್ಬದ ಮೇಲೆ ಹೊಸ ಟವರ್ ಎದ್ದಿದೆ, ದೀಪ ಉರಿಯುತ್ತಿದೆ, ಬಂದು ನೋಡು ಅಂದರು. ಬೈಕ್ ಹತ್ತಿ ಹೋದೆ. ಮಳೆ ಮುಗಿದು ತೋಟ ಸ್ವಲ್ಪ ಒಣಗಿತ್ತು. ಕೊಟ್ಟಿಗೆಯ ಮಾಡಿನ ಮೇಲೆ ನಿಂತು ಅಳೆದೆ. ಮೈನಸ್ 91. ನಡುವೆ ಇರುವುದು ಒಂದು ಹಲಸಿನ ಮರದ ಟೊಂಗೆ ಮಾತ್ರ. ನೋಟುಬುಕ್ಕಿನಲ್ಲಿ ಅವರ ಪುಟ ತೆಗೆದು ಬರೆದೆ. ದಿಕ್ಕು, ಮರ, ಒಣ ದಿನದ ಅಂಕಿ. ಪಕ್ಕದಲ್ಲಿ ಒದ್ದೆ ದಿನದ ಜಾಗ ಖಾಲಿ ಬಿಟ್ಟೆ.

'ಹಾಕ್ತೇನೆ ಅಕ್ಕೋರೆ. ಆದರೆ ಮಗನಿಗೆ ಈಗಲೇ ಮನೆಗೆ ಬಾ ಅನ್ನಬೇಡಿ. ಜೂನ್‌ನಲ್ಲಿ ಬಂದು ಇನ್ನೊಮ್ಮೆ ಅಳೀತೇನೆ. ಆಮೇಲೆ ಹೇಳಿ.'

'ಆತು' ಅಂದರು. ಒಳಗೆ ಹೋಗಿ ಬಿಸಿ ಕಷಾಯ ತಂದರು. ಕುಡಿದು, ಹಳೆಯ ಛತ್ರಿಯ ಎಲ್‌ಎನ್‌ಬಿಯಲ್ಲಿ ಕಟ್ಟಿದ್ದ ಜೇಡನ ಬಲೆ ಒರೆಸಿ, ಸ್ಕ್ರೂ ಬಿಗಿ ಮಾಡಿ, ಹೊಸ ಡಬ್ಬಿಗೆ ಕ್ಲಾಂಪ್ ಕಟ್ಟಲು ಮಾಡು ಹತ್ತಿದೆ.